ಕುದುರೆ ಓಣಿಯ ಆರು ದೀಪಗಳು

"ಬಾಗಿಲೇ ಇಲ್ಲವಲ್ಲ!"

ಬೆಳಿಗ್ಗೆ ಆಫೀಸಿಗೆ ಬಂದು ಕಂಪ್ಯೂಟರು ತೆರೆದ ಯಜಮಾನನ ಕಣ್ಣಿಗೆ ಬಿದ್ದ ಮೊದಲ ಮಾತು ಇದು. ಬರೆದವನು ಯಾರೋ ಗಿರಾಕಿ. ಅದರ ಕೆಳಗೆ ಇನ್ನೊಬ್ಬ— "ರಾಣಿ ಕೋಣೆಗೆ ಹೋಗೋದು ಹೇಗೆ ಸ್ವಾಮಿ? ಗೋಡೆ ಒಡ್ಕೊಂಡಾ?" ಮತ್ತೊಬ್ಬಳು— "ಅಷ್ಟು ದೂರ ನಡೆದು ಬಂದದ್ದು ಗೋಡೆ ನೋಡೋಕಾ? ನಾಚಿಕೆ ಆಗ್ಬೇಕು ನಿಮಗೆ." ಕೆಳಗೆ ಹೋದಷ್ಟೂ ಅದೇ ಹಾಡು. ಬೈಗುಳದ ನಡುವೆ ಒಂದೇ ಒಂದು ಒಳ್ಳೆಯ ಮಾತಿತ್ತು, ಅದೂ ಹಿನ್ನೆಲೆ ಸಂಗೀತದ ಬಗ್ಗೆ.

ಯಜಮಾನ ತಲೆಯ ಮೇಲೆ ಕೈ ಹೊತ್ತು ಕೂತ.

ಈ ಆಫೀಸಿನ ಕಸುಬು ಏನೆಂದು ಇಲ್ಲೇ ಹೇಳಿಬಿಡಬೇಕು. ಫ್ಲಾಪಿ ಡಿಸ್ಕಿನ ಕಾಲದ ಕಂಪ್ಯೂಟರ್ ಆಟಗಳನ್ನು ಹುಡುಕಿ ತರುವುದು, ಅವು ಇವತ್ತಿನ ಕಂಪ್ಯೂಟರಿನಲ್ಲಿ ಓಡುವಂತೆ ಮಾಡುವುದು, ಒಂದು ಹೊಸ ಅಧ್ಯಾಯ ಕಟ್ಟಿ ಜೋಡಿಸುವುದು, ಆಮೇಲೆ ಡಿಜಿಟಲ್ ಅಂಗಡಿಯಲ್ಲಿ ಮಾರಾಟಕ್ಕಿಡುವುದು. ಆ ಹೊಸ ಅಧ್ಯಾಯಕ್ಕೆ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಅನ್ನುತ್ತಾರೆ. ಇವರ ಬಾಯಲ್ಲಿ ಅದು ಬರೀ ಪ್ಯಾಕು. ಕೊಳ್ಳುವವರೆಲ್ಲ ತಲೆ ನರೆತವರು. ಪರೀಕ್ಷೆ ಬಂತೆಂದು ಅಪ್ಪ ಕಿತ್ತಿಟ್ಟ ಆಟವನ್ನು ಈಗ ತಾವೇ ಅಪ್ಪಂದಿರಾಗಿ ಮುಗಿಸಲು ಹೊರಟವರು.

ಇವರ ಕೈಗೆ ಸಿಕ್ಕ ಆಟಗಳಲ್ಲೆಲ್ಲ ದೊಡ್ಡದು 'ಉಪ್ಪಿನ ಕೋಟೆ'. ಮೂವತ್ತು ವರ್ಷದ ಹಿಂದೆ ಅದನ್ನು ಮಾಡಿದವರು ಯಜಮಾನನ ಮಾವ, ಅಂದರೆ ಹೆಂಡತಿಯ ಅಪ್ಪ. ಡಬ್ಬಿಯ ಮೇಲೆ ಅವರದೊಂದೇ ಹೆಸರು. ಕೋಟೆಯ ಮೆಟ್ಟಿಲು ಹತ್ತಿ ಹತ್ತಿ ಮೇಲೆ ಹೋದರೆ ಕೊನೆಗೊಂದು ಮುಚ್ಚಿದ ಬಾಗಿಲು. ಆಚೆ ರಾಣಿಯ ಮಹಡಿ. ಬಾಗಿಲು ತಟ್ಟಿದರೆ ಉತ್ತರವಿಲ್ಲ. ಅಲ್ಲಿಗೆ ಆಟ ಮುಗಿಯಿತು! ರಾಣಿ ಏನಾದಳು ಅಂತ ಒಂದು ತಲೆಮಾರಿನ ಹುಡುಗರು ಊಟ ಬಿಟ್ಟು ಜಗಳಾಡಿದ್ದರು. ಮಾವನ ಬೀರುವಿನಲ್ಲಿದ್ದ ಹಳೆಯ ಫ್ಲಾಪಿಯೊಂದರಲ್ಲಿ ಆ ಮಹಡಿಯ ಅರೆಬರೆ ನಕ್ಷೆ ಸಿಕ್ಕಿದಾಗ ಯಜಮಾನ ಕುಣಿದಾಡಿದ. ಪ್ಯಾಕು ತಯಾರಾಯಿತು. ಅಂಗಡಿಯ ಪುಟದಲ್ಲಿ ಅವನೇ ದಪ್ಪಕ್ಷರದಲ್ಲಿ ಬರೆಸಿದ್ದ— 'ರಾಣಿಯ ಕೋಣೆ ಕೊನೆಗೂ ತೆರೆಯುತ್ತದೆ!'

ಮೊನ್ನೆ ಮೊನ್ನೆ ಬರೆಸಿದ್ದು. ಈಗ ಆ ಕೋಣೆಯ ಬಾಗಿಲಿದ್ದ ಕಡೆ ಕಲ್ಲುಗೋಡೆ.

ಗಾಯದ ಮೇಲೆ ಬರೆ ಎಳೆದ ಹಾಗೆ ಅಂಗಡಿಯವರ ಸಂದೇಶವೂ ಬಂತು. 'ಸಂಜೆಯೊಳಗೆ ಸರಿಯಾದ ಪ್ಯಾಕು ಕಳಿಸಿ. ಇದು ಕೈತಪ್ಪಿ ಆದದ್ದೋ, ನಿಮ್ಮವರೇ ಯಾರಾದರೂ ಬೇಕೆಂದು ಮಾಡಿದ್ದೋ ತಿಳಿಸಿ. ಬೇಕೆಂದು ಮಾಡಿದ್ದಾದರೆ ಅವರ ಹೆಸರು ಕೊಡಿ. ಅಂಥವರ ಕೈ ಸೋಕಿದ ಸರಕನ್ನು ನಾವು ಇನ್ನು ಮುಂದೆ ಇಡುವುದಿಲ್ಲ.'

"ನಕ್ಷೆಗಾತಿ!" ಅಂದ ಯಜಮಾನ, ಹಲ್ಲು ಕಡಿಯುತ್ತ.

ಹಾಗೆನ್ನಲು ಅವನಿಗೆ ಕಾರಣವಿತ್ತು. ಕೋಟೆಯ ನಕ್ಷೆ ಕಟ್ಟುವವಳು ಅವಳು. ಆಫೀಸಿನಲ್ಲಿ ಎಲ್ಲರೂ ಅವಳನ್ನು ನಕ್ಷೆಗಾತಿ ಅಂತಲೇ ಕರೆಯುವುದು. ನಕ್ಷೆ ಬದಲಾದದ್ದು ಹಿಂದಿನ ದಿನ ಮಧ್ಯಾಹ್ನ, ಅವಳ ಕಂಪ್ಯೂಟರಿನಿಂದ, ಅವಳ ಹೆಸರಿನಲ್ಲಿ. ಅದಕ್ಕಿಂತ ಮುಖ್ಯವಾಗಿ ಹೋದ ವಾರ ಇಬ್ಬರಿಗೂ ಮಾತು ಬೆಳೆದಿತ್ತು. ಆಟ ಶುರುವಾಗುವಾಗ ಕಾಣುವ ಮೊದಲ ಪರದೆಯಲ್ಲಿ ತನ್ನ ಹೆಸರೂ ಬರಲಿ ಅಂತ ಅವಳು ಕೇಳಿದ್ದಳು. ಮಾವನ ಹೆಸರಿನ ಪಕ್ಕ ಇನ್ನೊಂದು ಹೆಸರು ಚೆಂದ ಕಾಣಲ್ಲ ಅಂತ ಇವನು ಅಂದಿದ್ದ. "ಆಯ್ತು, ನಾನಿಲ್ಲದಿದ್ರೆ ಏನಾಗುತ್ತೆ ಅಂತ ಒಂದಿನ ನಿಮಗೇ ಗೊತ್ತಾಗುತ್ತೆ," ಅಂತ ಅವಳು ಕುರ್ಚಿ ಜರುಗಿಸಿ ಎದ್ದು ಹೋಗಿದ್ದಳು.

"ಗೋಡೆ ತೆಗೆಯೋದು ಎರಡು ನಿಮಿಷದ ಕೆಲ್ಸ," ಅಂದ ಮೌನಿ. ಪ್ರೋಗ್ರಾಂ ಬರೆಯುವವನು ಇವನು. ನಿದ್ದೆಯಲ್ಲೂ ಬಾಯಿ ಮುಚ್ಚುವುದಿಲ್ಲವಾದ್ದರಿಂದ ಮೌನಿ ಅಂತ ಹೆಸರು ಬಿದ್ದಿತ್ತು.

"ಮುಟ್ಬೇಡ. ಮೊದ್ಲು ನಾನು ನೋಡ್ಬೇಕು."

ಹೀಗೆಂದವಳು ಕೊಂಕಕ್ಕ. ಆಟವನ್ನು ಗಿರಾಕಿಗಿಂತ ಮೊದಲು ಆಡಿ ತಪ್ಪು ಹುಡುಕುವುದು ಅವಳ ಉದ್ಯೋಗ. ಉದ್ಯೋಗವೇ ಸ್ವಭಾವವಾಯಿತೋ, ಸ್ವಭಾವ ನೋಡಿ ಉದ್ಯೋಗ ಕೊಟ್ಟರೋ, ಯಾರಾದರೂ ಹೊಸ ಅಂಗಿ ಹಾಕಿಕೊಂಡು ಬಂದರೆ ಮೂರನೇ ಗುಂಡಿ ಸಡಿಲ ಅನ್ನುವ ಹೆಂಗಸು ಅವಳು. ಎಲ್ಲದಕ್ಕೂ ಕೊಂಕು ತೆಗೆಯುವ ಅಕ್ಕ, ಕೊಂಕಕ್ಕ.

"ನೋಡೋದೇನಿದೆ ಕೊಂಕಕ್ಕ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಬೇಕು. ಹುಣ್ಣು ಯಾರ ಅಂಗೈಲಿದೆ ಅಂತ ನಿಮಗಿನ್ನೂ ಗೊತ್ತಿಲ್ಲ. ಅಂಗಡಿಯೋರಿಗೆ ಅವಳ ಹೆಸರು ಬರೆದುಬಿಟ್ರೆ ಮುಗೀತು, ಈ ಕಸುಬಲ್ಲಿ ಅವಳಿಗೆ ಇನ್ಯಾರೂ ಕೆಲ್ಸ ಕೊಡಲ್ಲ. ಒಂದು ಮಗು ಇದೆ ಅವಳಿಗೆ. ಸಂಜೆವರೆಗೆ ತಾಳಿ."

"ನೀವಾದ್ರೂ ನಿನ್ನೆ ಸರಿಯಾಗಿ ಆಡಿ ನೋಡಿದ್ರೆ—"

"ಬೆಳಿಗ್ಗೆ ಆಡಿದಾಗ ಬಾಗಿಲಿತ್ತು. ಸಂಜೆ ಇನ್ನೊಂದ್ಸಲ ಆಡ್ತೀನಿ ಅಂದೆ. ಬೇಡ ಅಂದೋರು ಯಾರು?"

ಬೇಡ ಅಂದವನು ಯಜಮಾನನೇ. ಮುಂದಿನ ವಾರ ಅಂತಿದ್ದ ಬಿಡುಗಡೆಯನ್ನು ಹಿಂದಿನ ದಿನ ಮಧ್ಯಾಹ್ನ ತಾರಸಿಯ ಮೇಲೆ ಎಲ್ಲರೂ ಫೋಟೋಗೆ ನಿಂತಿದ್ದಾಗ "ಮುಂದಿನ ವಾರ ಅಲ್ಲ, ಇವತ್ತೇ!" ಅಂತ ಕೂಗಿ, ಸಂಜೆಯೇ ಅಂಗಡಿಗೆ ಕಳಿಸಿದ್ದ. ಅವನ ಆತುರಕ್ಕೆ ಹೆಂಡತಿ ಬಹಳ ಹಿಂದೆಯೇ ಕೈಮುಗಿದಿದ್ದಳು.

*

ನಕ್ಷೆಗಾತಿ ತನ್ನ ಕೋಣೆಯಲ್ಲಿ ನೆಟ್ಟಗೆ ಕೂತಿದ್ದಳು. ಅಳುತ್ತಿರಲಿಲ್ಲ. ಸಿಟ್ಟಿನಲ್ಲಿ ಮೂಗಿನ ತುದಿ ಕೆಂಪಾಗಿತ್ತು. ಕೊಂಕಕ್ಕನ ಹಿಂದೆಯೇ ಯಜಮಾನ ಒಳಗೆ ಬಂದು ಬಾಗಿಲು ಹಾಕಿದ, ಹೊರಗಿನವರಿಗೆ ಕೇಳದಿರಲಿ ಅಂತ.

"ನಿನ್ನೆ ಮಧ್ಯಾಹ್ನ ನೀನು ತಾರಸಿಗೆ ಎಲ್ಲರಿಗಿಂತ ತಡವಾಗಿ ಬಂದೆ. ಯಾಕೆ?" ಕೊಂಕಕ್ಕ ಕೇಳಿದಳು.

"ಮಗಳ ಸ್ಕೂಲಿಂದ ಫೋನು. ಹೊರಗೆ ಮೆಟ್ಟಿಲ ಮೇಲೆ ನಿಂತು ಮಾತಾಡ್ದೆ."

"ಕಂಪ್ಯೂಟರು?"

"ಹಾಗೇ ತೆರೆದಿತ್ತು. ಇಲ್ಲಿ ಯಾರು ಮುಚ್ಚಿ ಹೋಗ್ತಾರೆ ಕೊಂಕಕ್ಕ? ಮನೆ ಥರ ಅಲ್ವಾ?" ಆ ಮಾತು ಅವಳಿಗೇ ಚುಚ್ಚಿತೇನೋ, ತುಟಿ ಕಚ್ಚಿಕೊಂಡಳು. "ಆ ಕೋಣೆಗೆ ಎಷ್ಟು ಕಷ್ಟಪಟ್ಟಿದ್ದೀನಿ ಅಂತ ನಿಮಗೆ ಗೊತ್ತು. ಸಿಂಹಾಸನ, ಅದರ ಮೇಲೆ ರಾಣಿಯ ಅಸ್ಥಿಪಂಜರ, ಸುತ್ತ ನಿಧಿ— ಒಂದೊಂದು ನಾಣ್ಯನೂ ನಾನೇ ಇಟ್ಟಿದ್ದು. ನನ್ನ ಕೋಣೆಗೆ ನಾನೇ ಗೋಡೆ ಕಟ್ತೀನಾ? ಹೆತ್ತ ಮಗೂನ ಬಾವಿಗೆ ನೂಕಿದ ಹಾಗೆ!"

"ಸಿಟ್ಟಲ್ಲಿ ಮೂಗು ಕೊಯ್ಕೊಂಡೋರು ಇದಾರೆ," ಅಂದ ಯಜಮಾನ.

ಕೊಂಕಕ್ಕ ಅವನತ್ತ ನೋಡಲಿಲ್ಲ. ಗಿರಾಕಿಗಳು ಬರೆದದ್ದನ್ನು ಒಂದೊಂದಾಗಿ ಓದುತ್ತಿದ್ದಳು. ಗೋಡೆ, ಗೋಡೆ, ಗೋಡೆ. ನಡುವೆ ಒಬ್ಬ ಬೇರೆ ಏನೋ ಬರೆದಿದ್ದ.

"'ಎರಡನೇ ಅಂಗಳ ದಾಟಿದ ಮೇಲೆ ಬರೋ ಓಣಿ ಯಾಕೆ ಅಷ್ಟು ಕತ್ತಲು?' ಅಂತ ಕೇಳಿದಾನೆ ಇವನು. ಅಲ್ಲಿ ಏನಿತ್ತು?"

"ರಾಣಿ ಮಹಡಿಯ ಉದ್ದ ಓಣೀಲಾ? ದೀಪ ಇಟ್ಟಿದ್ದೆ. ಗೋಡೆಗೆ ಆರು ದೀಪ." ನಕ್ಷೆಗಾತಿ ನಕ್ಷೆ ತೆರೆದು ನೋಡಿದಳು. ಹುಬ್ಬು ಗಂಟಾಯಿತು. "ಅಯ್ಯೋ, ಒಂದೂ ಇಲ್ಲ!"

"ಬೇರೆ ಏನಾದ್ರೂ ಹೋಗಿದ್ಯಾ?"

"ಇಲ್ಲ. ಉಳಿದಿದ್ದೆಲ್ಲ ಇದ್ದಲ್ಲೇ ಇದೆ."

"ಮನೆ ಹತ್ಕೊಂಡು ಉರೀತಿದೆ, ನಿಮಗೆ ಓಣಿ ದೀಪದ ಚಿಂತೆ!" ಯಜಮಾನ ಸಿಡುಕಿದ. "ಯಾವುದೋ ಗುಂಡಿ ಒತ್ತುವಾಗ ಹೋಗಿರುತ್ತೆ. ಬಿಡಿ ಅತ್ಲಾಗೆ."

ಕೊಂಕಕ್ಕ ಬಿಟ್ಟಳು. ಅಥವಾ ಬಿಟ್ಟ ಹಾಗೆ ಕಂಡಳು. ಪರದೆಯಲ್ಲಿ ಗೋಡೆಯ ಹತ್ತಿರ ಹೋಗಿ ಕಲ್ಲು ಎಣಿಸಿ ಎದ್ದಳು.

*

ಮೌನಿಯನ್ನು ಮಾತಾಡಿಸಲು ಕಷ್ಟವೇನಿಲ್ಲ, ನಿಲ್ಲಿಸುವುದೇ ಕಷ್ಟ.

"ನಿನ್ನೆ ಫೋಟೋ ಮಧ್ಯದಲ್ಲಿ ಕೆಳಗಿಳಿದು ಬಂದೆಯಲ್ಲ, ಯಾಕಪ್ಪಾ?" ಕೊಂಕಕ್ಕ ಕೇಳಿದಳು.

"ನಾನಾ? ನೀರು ಕುಡಿಯೋಕೆ. ಅಲ್ಲ— ಸರಿ, ಹೇಳ್ಬಿಡ್ತೀನಿ. ಬೇರೆ ಕಂಪನಿಯೋರು ಕರೆದಿದ್ರು. ಯಜಮಾನ್ರ ಎದುರು ಮಾತಾಡೋಕಾಗುತ್ತಾ? ಬೀದಿಗೆ ಹೋಗಿ ಮಾತಾಡ್ದೆ."

ಯಜಮಾನನ ಕಿವಿ ನೆಟ್ಟಗಾಯಿತು. "ಓಹೋ! ಕಂಪನಿ ಬಿಟ್ಟು ಹೋಗೋ ಮುಂಚೆ ಕೈ ತೋರಿಸಿ ಹೋಗೋ ಯೋಚನೆನಾ?"

"ಅಯ್ಯೋ, ಬರಲ್ಲ ಅಂತ ಹೇಳೋಕೆ ಫೋನ್ ಮಾಡಿದ್ದು ಸಾರ್! ನನಗೆ ಗೋಡೆ ಕಟ್ಟೋ ಹುಚ್ಚಿದ್ರೆ ಇಡೀ ಆಟನೇ ಕೆಡಿಸ್ತಿದ್ದೆ, ನಕ್ಷೆ ಕಟ್ಟೋ ಸಾಧನಕ್ಕೆ ಕೈ ಹಾಕ್ತಿದ್ನಾ? ಅದನ್ನ ನಡೆಸೋಕೂ ನನಗೆ ಸರಿಯಾಗಿ ಬರಲ್ಲ. ಮಾವನೋರು ಆಗ ಬರೆದ ಸಾಧನವೇ ಅದು, ಅದೇ ಕೀಲಿಗಳು. ಮೇಲೆ ಸುಣ್ಣ ಬಣ್ಣ ಮಾತ್ರ ನಂದು. ಆ ಮಿತಿ ಒಂದು ಕಿತ್ತು ಹಾಕ್ದೆ ನೋಡಿ, ಅದೇ ನನ್ನ ದೊಡ್ಡ ಸಾಧನೆ! ಆಗೆಲ್ಲ ಕಂಪ್ಯೂಟರಿಗೆ ನೆನಪು ಕಮ್ಮಿ, ಒಂದು ಮಹಡಿಗೆ ಇಷ್ಟೇ ತುಂಡು ಅಂತ. ಗೋಡೆ ಕಲ್ಲು ಒಂದು ತುಂಡು, ಕುರ್ಚಿ ಒಂದು ತುಂಡು, ಗಿಡ ಒಂದು ತುಂಡು. ಭರ್ತಿಯಾದ್ರೆ ಮುಗೀತು. ಈಗ ಸಮುದ್ರ ತುಂಬಿಸಿದ್ರೂ ಕೇಳೋರಿಲ್ಲ. ಇದನ್ನ ಮಾವನೋರಿಗೆ ಹೇಳಿದಾಗ—"

"ಸಾಕು ಮಾರಾಯ!" ಯಜಮಾನ ಕೈಮುಗಿದ.

"ಹೇಳ್ಲಿ ಬಿಡಿ," ಅಂದಳು ಕೊಂಕಕ್ಕ. "ಮಾವನೋರು ಏನಂದ್ರು?"

"'ಒಳ್ಳೇದಾಯ್ತು ಬಿಡು' ಅಂದ್ರು. ಅಷ್ಟೆ."

"ಅವರೊಬ್ರೇ ಇದ್ರಾ?"

"ಅತ್ತೆಮ್ಮನೂ ಇದ್ರು, ಡಬ್ಬಿ ತೊಳೀತಿದ್ರು. ಯಾಕೆ?"

"ಸುಮ್ನೆ."

*

ಆ ಆಫೀಸಿನ ಕಿಟಕಿ ಪಕ್ಕದ ಕಂಪ್ಯೂಟರು ಮಾವನದು. ದಿನಾ ಬಂದು ತಾವೇ ಮಾಡಿದ ಹಳೆಯ ಆಟವನ್ನು ತಾವೇ ಆಡಿ, ಕೆಲವು ಸಲ ತಾವೇ ಸೋತು, ಸಂಜೆ ಮನೆಗೆ ಹೋಗುವರು. ಮಧ್ಯಾಹ್ನ ಅತ್ತೆ ಎಲ್ಲರಿಗೂ ಊಟ ತರುವರು. ಇಬ್ಬರಿಗೂ ಮಂಡಿನೋವು, ತಾರಸಿಯ ಮೆಟ್ಟಿಲು ಆಗದು. ಫೋಟೋದಲ್ಲಿ ಇಬ್ಬರೂ ಇರಲಿಲ್ಲ. ಇರಲಿಲ್ಲ ಅನ್ನುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಮನೆಯ ಗಡಿಯಾರ ಫೋಟೋದಲ್ಲಿಲ್ಲ ಅಂತ ಯಾರು ಹುಡುಕುತ್ತಾರೆ?

ಊಟದ ಮೇಜು ಚಿಕ್ಕದು. ಅತ್ತೆ ಒಂದು ಡಬ್ಬಿ ಇಡುವ ಮೊದಲು ಇನ್ನೊಂದನ್ನು ಎತ್ತುವರು, ಲೋಟ ಇಡುವ ಮೊದಲು ತಟ್ಟೆ ಸರಿಸುವರು. ಎಷ್ಟು ಜನ ಕೂತರೂ ಅವರ ಮೇಜು ತುಂಬಿ ಚೆಲ್ಲಿದ್ದಿಲ್ಲ.

"ನಕ್ಷೆಗಾತಿ ಎಲ್ಲಿ ಅಳಿಯಂದ್ರೇ? ಊಟಕ್ಕೆ ಬರಲಿಲ್ಲ?"

"ಹಸಿವಿಲ್ಲವಂತೆ ಅತ್ತೆ." ಮನೆಯ ಹಿರಿಯರ ಮುಂದೆ ಹೆಣ್ಣುಮಗಳೊಬ್ಬಳ ದ್ರೋಹದ ಮಾತು ಎತ್ತಲು ಅವನಿಗೆ ಮುಜುಗರ. ಆದರೆ ಹೊಟ್ಟೆಯೊಳಗಿನದು ಬಾಯಿಗೆ ಬರದೆ ಇರುತ್ತದೆಯೇ? "ಪ್ಯಾಕಿಗೆ ಗ್ರಹಚಾರ ಹಿಡಿದಿದೆ ಅತ್ತೆ. ರಾಣಿ ಕೋಣೆಗೆ ಗೋಡೆ ಬಿದ್ದಿದೆ. ಗಿರಾಕಿಗಳು ಉಗೀತಿದಾರೆ."

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. "ಗಿರಾಕಿಗಳಾ? ಆಗಲೇ ಮಾರಾಟಕ್ಕೆ ಹೋಯ್ತಾ? ಮುಂದಿನ ವಾರ ಅಂದಿದ್ರಲ್ಲ?"

"ನಿನ್ನೆ ಸಂಜೆನೇ ಬಿಟ್ವಿ. ಹಾಳು ಗೋಡೆ ಸಾಲದು ಅಂತ ಅಲ್ಲೆಲ್ಲೋ ಕತ್ತಲಂತೆ, ಅದಕ್ಕೂ ಒಬ್ಬನ ಗೊಣಗಾಟ!"

"ಕುದುರೆ ಓಣಿ ಕತ್ತಲಾದ್ರೆ ಏನಂತೆ," ಅಂದರು ಅತ್ತೆ ಮೆಲ್ಲಗೆ. "ಅಲ್ಲಿ ಯಾರು ನಿಂತು ನೋಡ್ತಾರೆ." ಆಮೇಲೆ ಸೌಟು ಮತ್ತೆ ಚಲಿಸಿತು, ಮೌನಿ ಇನ್ನಷ್ಟು ಬೇಕೆಂದ, ಮಾವ ಉಪ್ಪು ಕೇಳಿದರು. ಮಾತು ಎತ್ತಲೋ ಹೋಯಿತು.

ಕೊಂಕಕ್ಕ ಮಾತ್ರ ತುತ್ತು ಅಗಿಯುವುದನ್ನು ಮರೆತಿದ್ದಳು.

*

ಇಳಿಹೊತ್ತಿಗೆ ನಕ್ಷೆಗಾತಿ ತನ್ನ ಚೀಲ ಕಟ್ಟಿದ್ದಳು. ಟೀ ಕಪ್ಪು, ಮಗಳು ಬರೆದುಕೊಟ್ಟ ಚಿತ್ರ, ಮೇಜಿನ ಮೇಲಿನ ಸಣ್ಣ ಗಿಡ. ಕಳಿಸುವ ಮೊದಲು ತಾನೇ ಹೋಗಿಬಿಡಬೇಕೆಂದು ಅವಳ ಹಟ. ಯಜಮಾನ ಅಂಗಡಿಗೆ ಉತ್ತರ ಬರೆಯುತ್ತ ಕೂತಿದ್ದ. ಅವಳ ಹೆಸರಿನ ಜಾಗಕ್ಕೆ ಬಂದಾಗ ಬೆರಳು ಯಾಕೋ ತಡೆಯಿತು. ಎಷ್ಟೆಂದರೂ ಒಂದೇ ಕೆಟಲಿನ ಟೀ ಕುಡಿದವರು.

"ಇನ್ನೂ ಬರೀಬೇಡಿ," ಅಂದಳು ಕೊಂಕಕ್ಕ ಒಳಗೆ ಬಂದು. "ಎಲ್ಲರೂ ಇಲ್ಲಿ ಬನ್ನಿ. ಮಾವ, ನೀವೂ ಆಟ ನಿಲ್ಲಿಸಿ. ಅತ್ತೆಮ್ಮ, ಡಬ್ಬಿ ಆಮೇಲೆ ಜೋಡಿಸಿದ್ರಾಯ್ತು."

ಎಲ್ಲರೂ ಬಂದು ಕೂತರು. ನಕ್ಷೆಗಾತಿ ಚೀಲ ಹೆಗಲಿಗೆ ಹಾಕಿಕೊಂಡೇ ಬಾಗಿಲ ಬಳಿ ನಿಂತಳು.

"ಗೋಡೆಗೆ ಎಷ್ಟು ಕಲ್ಲು?" ಕೊಂಕಕ್ಕ ಕೇಳಿದಳು.

"ಆರು," ಅಂದ ಮೌನಿ.

"ಓಣೀಲಿ ಎಷ್ಟು ದೀಪ ಹೋಗಿದ್ವು?"

"ಆರು," ಅಂದಳು ನಕ್ಷೆಗಾತಿ. "ಅದಕ್ಕೇನೀಗ?"

"ಒಂದೇ ಮಧ್ಯಾಹ್ನ, ಒಂದೇ ಕೈಯಲ್ಲಿ ಆರು ತುಂಡು ಬಂತು, ಆರು ತುಂಡು ಹೋಯ್ತು. ಅದು ಕೈತಪ್ಪಿ ಆದದ್ದಲ್ಲ. ಕೆಡಿಸ್ಬೇಕು ಅಂತಿದ್ದೋರು ಗೋಡೆ ಕಟ್ಟಿ ಎದ್ದು ಹೋಗ್ತಾರೆ. ದೀಪ ಯಾಕೆ ತೆಗೀತಾರೆ?" ಅವಳು ಎಲ್ಲರ ಮುಖ ನೋಡಿದಳು. "ನೀನು ತೆಗೀತಿದ್ಯಾ?"

"ನಾನ್ಯಾಕೆ ತೆಗೀಲಿ? ಎಷ್ಟು ಬೇಕಾದ್ರೂ ಇಡ್ಬಹುದಲ್ಲ," ಅಂದಳು ನಕ್ಷೆಗಾತಿ.

"ಅದೇ! ಎಷ್ಟು ಬೇಕಾದ್ರೂ ಇಡ್ಬಹುದು ಅಂತ ಕಲಿತ ಕೈಗೆ ಆ ಯೋಚನೆನೇ ಬರಲ್ಲ. ಇದು ಹಳೇ ಕೈ. ಒಂದು ಮಹಡಿಗೆ ಇಷ್ಟೇ ತುಂಡು ಅಂದ ಕಾಲದ ಕೈ. ಒಂದು ಇಡ್ಬೇಕಾದ್ರೆ ಒಂದು ತೆಗೀಬೇಕು ಅಂತ ರೂಢಿಯಾದ ಕೈ. ಆರು ಕಲ್ಲಿಗೆ ಆರು ದೀಪ ತೆತ್ತು ಹೋಗಿದೆ. ಬೆಳಿಗ್ಗೆಯಿಂದ ನಾವೆಲ್ಲ ಗೋಡೆ ನೋಡ್ತಾ ಕೂತ್ವಿ. ದೀಪ ಹೋದದ್ದು ಹೇಳ್ತಿತ್ತು, ನಮಗೆ ಕೇಳಿಸ್ಲಿಲ್ಲ."

ಯಜಮಾನ ನಿಧಾನವಾಗಿ ಕಿಟಕಿಯ ಕಡೆ ತಿರುಗಿದ.

"ಮಾವ... ನೀವಾ?"

ಮಾವ ನಕ್ಕುಬಿಟ್ಟರು. "ನಾನಾ? ನನ್ನ ಜನ್ಮದಲ್ಲಿ ಒಂದು ಕಲ್ಲು ಇಟ್ಟೋನಲ್ಲಪ್ಪ ನಾನು. ನಕ್ಷೆ ಕಟ್ಟೋ ತಾಳ್ಮೆ ನನಗೆಲ್ಲಿಂದ ಬರ್ಬೇಕು? ನಾನು ಬರೆದದ್ದು ಪ್ರೋಗ್ರಾಂ, ಸಾಧನ, ಆ ದರಿದ್ರ ಮಿತಿ—" ಮಾತು ಅಲ್ಲೇ ನಿಂತಿತು. ನಗು ಮುಖದಿಂದ ಇಳಿಯಿತು.

"ಅದೇ ಮಾವ," ಅಂದಳು ಕೊಂಕಕ್ಕ ಮೃದುವಾಗಿ. "ಮಿತಿ ಹಾಕಿದ್ದು ನೀವು. ಮಿತಿಯೊಳಗೆ ಬಾಳಿದ್ದು ಬೇರೆಯೋರು. ಯಜಮಾನ್ರೇ, ಊಟದ ಹೊತ್ತಲ್ಲಿ ನೀವು 'ಅಲ್ಲೆಲ್ಲೋ ಕತ್ತಲಂತೆ' ಅಂದ್ರಿ. ಎಲ್ಲಿ ಅಂತ ಹೇಳಿದ್ರಾ?"

"ಇಲ್ಲ."

"ನಾವು ಅದನ್ನ ಉದ್ದ ಓಣಿ ಅಂತೀವಿ. ಗಿರಾಕಿ ಬರೀ ಓಣಿ ಅಂದಿದ್ದ. ಅದಕ್ಕೆ ಕುದುರೆ ಓಣಿ ಅಂತ ಹೆಸರಿಟ್ಟೋರು ಯಾರು? ಅಲ್ಲಿ ಯಾರೂ ನಿಂತು ನೋಡಲ್ಲ ಅಂತ ಯಾರಿಗೆ ಗೊತ್ತು? ಆ ಓಣಿ ಕಟ್ಟಿದೋರಿಗೆ."

ಅತ್ತೆ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಮೇಜಿನ ಮೇಲೆ ಇಟ್ಟರು. ಇಡುವ ಮೊದಲು ಅಲ್ಲಿದ್ದ ಚಮಚ ಎತ್ತಿಕೊಂಡರು.

"ಆಡೋ ಹುಡುಗ್ರು ಅಲ್ಲಿ ಕುದುರೆ ಥರ ಓಡ್ತಾರೆ ಅಂತ ಕಟ್ಟುವಾಗ್ಲೇ ಇಟ್ಟ ಹೆಸರು," ಅಂದರು. "ಮಿತಿ ಇಲ್ಲ ಅಂತ ನನಗೆ ಗೊತ್ತಿತ್ತು. ಮೌನಿ ಹೇಳಿದ್ದ. ಆದ್ರೂ ಕೈ ಕೇಳ್ಬೇಕಲ್ಲ? ಕಲ್ಲು ಇಡೋ ಮುಂಚೆ ತಾನಾಗಿ ಹೋಗಿ ದೀಪ ತೆಗೀತು."

"ಅತ್ತೆ!" ಅಂದ ಯಜಮಾನ.

"ಅವಳ್ಯಾಕೆ ಚೀಲ ಹಾಕ್ಕೊಂಡು ನಿಂತಿದಾಳೆ?" ಅತ್ತೆ ನಕ್ಷೆಗಾತಿಯನ್ನು ಈಗಷ್ಟೇ ನೋಡಿದರು. ನೋಡಿ, ತಿಳಿದು, ಬಿಳಿಚಿಕೊಂಡರು. "ಅಯ್ಯೋ ದೇವ್ರೇ! ಅಪವಾದ ಅವಳ ಮೇಲೆ ಬಂತಾ? ಯಾರೂ ನನಗೆ ಹೇಳ್ಲಿಲ್ಲವಲ್ಲ! ಬಾ ಮಗಳೇ, ಆ ಚೀಲ ಕೆಳಗಿಡು ಮೊದ್ಲು. ನಾನೇ ಕಟ್ಟಿದ್ದು ಆ ಗೋಡೆ. ಇನ್ನೊಂದು ವಾರ ಇದೆ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಧೈರ್ಯ ಮಾಡಿ ಅಳಿಯಂದ್ರಿಗೆ ಹೇಳೋಣ, ಅಲ್ಲಿವರೆಗೆ ಯಾರೂ ಆ ಕೋಣೆ ನೋಡ್ದೆ ಇರ್ಲಿ ಅಂತ. ಮಧ್ಯಾಹ್ನ ಮಾರಾಟಕ್ಕೆ ಹೋಗಿದೆ ಅಂತ ಕೇಳಿದಾಗಿಂದ ಹೇಳ್ಬೇಕು ಹೇಳ್ಬೇಕು ಅಂತ ಡಬ್ಬಿ ಜೋಡಿಸ್ತಾನೇ ಕೂತೆ."

"ನನ್ನ ಕೋಣೆ ಅಷ್ಟು ಕೆಟ್ಟದಾಗಿತ್ತಾ ಅತ್ತೆಮ್ಮ?" ನಕ್ಷೆಗಾತಿ ಕೇಳಿದಳು.

"ಚೆನ್ನಾಗಿತ್ತು ಕಣೇ, ಸುಳ್ಳು ಹೇಳಲ್ಲ. ಆದ್ರೆ ಅವಳನ್ನ ಯಾಕೆ ಸಾಯಿಸ್ದೆ?"

"ಹಳೇ ನಕ್ಷೇಲಿ ಆ ಕೋಣೆ ಖಾಲಿ ಇತ್ತು. ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಏನಾದ್ರೂ ಇಡ್ಬೇಕಲ್ಲ ಅಂತ..."

"ಖಾಲಿ ಇರ್ಲಿಲ್ಲ. ಕಿಟಕಿ ಇತ್ತು. ನೋಡಿದ್ಯಾ?"

"ಇತ್ತು. ಗೋಡೇಲಿ ಒಂದು ತೆರೆದ ಕಿಟಕಿ. ಅಡ್ಡ ಬಂತು ಅಂತ ಅದರ ಮುಂದೆ ಸಿಂಹಾಸನ ಇಟ್ಟೆ."

"ಆ ಮಹಡಿಗೆ ನನ್ನ ಹತ್ರ ಕೊನೇಗೆ ಉಳಿದಿದ್ದು ಒಂದೇ ಒಂದು ತುಂಡು," ಅಂದರು ಅತ್ತೆ. "ರಾಣೀನೇ ಇಡ್ಬಹುದಿತ್ತು. ಕಿಟಕಿ ಇಟ್ಟೆ. ಅವಳು ಹೊರಟುಹೋಗಿದಾಳೆ. ಎಷ್ಟು ತಟ್ಟಿದ್ರೂ ಉತ್ತರ ಬರಲ್ಲ ಯಾಕೆ? ಅವಳು ಅಲ್ಲಿಲ್ಲ ಅದಕ್ಕೆ. ಎಲ್ಲೋ ಚೆನ್ನಾಗಿದಾಳೆ. ಮೂವತ್ತು ವರ್ಷ ಅಡಿಗೆಮನೇಲಿ ನಿಂತಾಗೆಲ್ಲ, ಈಗ ಅವಳು ಎಲ್ಲಿರಬಹುದು ಅಂತ ಯೋಚಿಸ್ತಿದ್ದೆ. ಮೊನ್ನೆ ನಿನ್ನ ಭುಜದ ಮೇಲಿಂದ ನೋಡಿದ್ರೆ ಮೂಳೆಯಾಗಿ ಕೂತಿದಾಳೆ! ನೆನಪಿದ್ಯಾ ಅಳಿಯಂದ್ರೇ, 'ಆ ಕೋಣೆ ಬೇಡ' ಅಂತ ಊಟ ಬಡಿಸ್ತಾ ಒಂದ್ಸಲ ಅಂದಿದ್ದೆ. 'ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಅತ್ತೆ' ಅಂತ ನಕ್ರಿ."

ಯಜಮಾನನಿಗೆ ನೆನಪಿತ್ತು. ನೆನಪಿಲ್ಲದಿದ್ದರೆ ಚೆನ್ನಾಗಿತ್ತು.

"ತಪ್ಪು ನಂದು," ಮಾವ ಅಂದರು, ಪರದೆಯಲ್ಲಿ ನಿಂತುಹೋದ ಆಟವನ್ನೇ ನೋಡುತ್ತ. "ಡಬ್ಬಿ ಮಾಡಿದ ಕಂಪನಿಯೋರು ಒಂದೇ ಹೆಸರು ಸಾಕು, ಎರಡಕ್ಕೆ ಜಾಗ ಇಲ್ಲ ಅಂದ್ರು. ಇವಳು 'ಇರ್ಲಿ ಬಿಡಿ' ಅಂದ್ಲು. ನಾನು ಇರ್ಲಿ ಅಂತ ಬಿಟ್ಟೇಬಿಟ್ಟೆ."

"ಈಗ ಅದೆಲ್ಲ ಯಾಕೆ ರೀ," ಅಂದರು ಅತ್ತೆ. ಆದರೆ ಕಣ್ಣು ಒರೆಸಿಕೊಂಡರು.

ಯಜಮಾನ ಎದ್ದ. ನಕ್ಷೆಗಾತಿಯ ಹೆಗಲಿನಿಂದ ಚೀಲ ತಾನೇ ಇಳಿಸಿಕೊಂಡ. "ತಪ್ಪಾಯ್ತಮ್ಮ," ಅಂದ. "ಹಿಂದೆ ಮುಂದೆ ನೋಡದೆ ನಿನ್ನ ಮೇಲೆ ಹಾಕ್ದೆ."

"ಗಿಡ ಹುಷಾರು," ಅಂದಳು ಅವಳು. ಅಷ್ಟು ಬೇಗ ಕ್ಷಮಿಸುವ ಹೆಣ್ಣಲ್ಲ ಅವಳು. ಆದರೆ ಚೀಲದಿಂದ ಟೀ ಕಪ್ಪು ತೆಗೆದು ಮೇಜಿನ ಮೇಲಿಟ್ಟಳು.

"ಅಂಗಡಿಯೋರಿಗೆ ಏನು ಬರೀತೀರಿ?" ಕೊಂಕಕ್ಕ ಕೇಳಿದಳು.

ಅವನು ಯೋಚಿಸಿದ. ಬೆಳಿಗ್ಗೆಯಿಂದ ಮೊದಲ ಸಲ ಆತುರವಿಲ್ಲದೆ ಯೋಚಿಸಿದ. "ಆಟ ಮಾಡಿದೋರನ್ನ ಕೇಳ್ದೆ ನಾನೇ ಮುಂಚಿತವಾಗಿ ಬಿಟ್ಟೆ, ತಪ್ಪು ನಂದು ಅಂತ. ಅದು ನಿಜ ತಾನೆ?"

"ಅದರಲ್ಲಿ ಕೊಂಕಿಲ್ಲ," ಅಂದಳು ಕೊಂಕಕ್ಕ.

ನಕ್ಷೆಗಾತಿ ಅತ್ತೆಗೆ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅತ್ತೆಯ ಬೆರಳು ಕೀಲಿಗಳನ್ನು ಹುಡುಕಲಿಲ್ಲ. ಅವು ಎಲ್ಲಿವೆ ಅಂತ ಬೆರಳಿಗೆ ಗೊತ್ತಿತ್ತು. ಗೋಡೆ ಹೋಯಿತು. ಅಸ್ಥಿಪಂಜರ ಹೋಯಿತು. ನಿಧಿ ತೆಗೆಯುವಾಗ ಮಾತ್ರ ಅವರು ನಕ್ಷೆಗಾತಿಯ ಮುಖ ನೋಡಿದರು, ಅವಳು ತಾನೇ ಗುಂಡಿ ಒತ್ತಿ ತೆಗೆದಳು. ಸಿಂಹಾಸನ ಹೋದಾಗ ಹಿಂದಿನಿಂದ ಕಿಟಕಿ ಕಾಣಿಸಿತು. ಬರೀ ಕೋಣೆ, ತೆರೆದ ಕಿಟಕಿ, ಆಚೆ ಬೆಳ್ಳಗೆ ಉಪ್ಪಿನ ಬಯಲು. ಮೌನಿ ಕೂಡ ಬಾಯಿ ಮುಚ್ಚಿ ನಿಂತಿದ್ದ.

"ಆ ಬಯಲಲ್ಲಿ ಹೆಜ್ಜೆ ಗುರುತು ಇಡ್ಲಾ ಅತ್ತೆಮ್ಮ?" ನಕ್ಷೆಗಾತಿ ಕೇಳಿದಳು. "ಕಿಟಕಿಯಿಂದ ದೂರಕ್ಕೆ ಹೋದ ಹಾಗೆ?"

ಅತ್ತೆ ಅವಳನ್ನೇ ನೋಡಿದರು. "ಇಡು ಮಗಳೇ," ಅಂದರು. "ಅದು ನನಗೆ ಹೊಳೆದೇ ಇರ್ಲಿಲ್ಲ."

ಆಮೇಲೆ ಕುದುರೆ ಓಣಿಗೆ ಹೋಗಿ ಆರು ದೀಪವನ್ನೂ ಹಚ್ಚಿದರು. ಹೊರಗೆ ಬೀದಿಯಲ್ಲಿ ಸಂಜೆಯ ಗಾಡಿಗಳ ಸದ್ದು ಶುರುವಾಗಿತ್ತು. ಕೊಂಕಕ್ಕ ಇಡೀ ಮಹಡಿಯನ್ನು ಇನ್ನೊಮ್ಮೆ ಆಡಿ ನೋಡಿ, ಒಂದು ಗಿಡ ಗಾಳಿಯಲ್ಲಿ ತೇಲುತ್ತಿದೆ ಅಂತ ಹೇಳಿ, ಅದನ್ನು ನೆಲಕ್ಕೆ ಇಳಿಸಿಯೇ ಬಿಟ್ಟಳು.

ಪ್ಯಾಕು ಕಳಿಸುವ ಮೊದಲು ಯಜಮಾನ ಮೊದಲ ಪರದೆ ತೆರೆದ. ಮಾವನ ಹೆಸರು ಒಂಟಿಯಾಗಿ ನಿಂತಿತ್ತು. ಅದರ ಕೆಳಗೆ ನಕ್ಷೆಗಾತಿಯ ಹೆಸರು ಬರೆದ. ಆಮೇಲೆ ತಿರುಗಿ ನೋಡಿದ.

"ಅತ್ತೆ, ನಿಮ್ಮ ಹೆಸರು ಮೇಲೆ ಹಾಕ್ಲಾ, ಕೆಳಗಾ?"

ಅತ್ತೆ ಗಾಬರಿಯಿಂದ ಪರದೆ ನೋಡಿದರು. ಇದ್ದ ಎರಡು ಹೆಸರುಗಳನ್ನು ಒಂದೊಂದಾಗಿ ನೋಡಿದರು.

"ನಂದು ಇಡೋಕೆ ಯಾವ್ದು ತೆಗೀತೀರಿ?"

"ಯಾವ್ದನ್ನೂ ತೆಗೆಯಲ್ಲ ಅತ್ತೆ," ಅಂದ ಯಜಮಾನ.